ಹದಿನಾಲ್ಕನೇ ಪ್ರಯೋಗ

ಎರಡು ಸಾವಿರದ ಇಪ್ಪತ್ತೈದನೇ ಇಸವಿ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಮನೆಯವರೆಲ್ಲ ಮಿಡತೆ ಎಂದು ಕರೆಯುವ ಹುಡುಗಿ ತನ್ನ ವಿಜ್ಞಾನದ ದಾಖಲೆ ಪುಸ್ತಕವನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಚಹಾ ಸೋಸುತ್ತಿದ್ದ ಅಮ್ಮನ ಮೊಣಕೈ ಪಕ್ಕಕ್ಕೆ ಸರಿಸಿ, "ಇಲ್ಲೊಂದು ಸಹಿ ಹಾಕಮ್ಮ, ಓದೋದೇನೂ ಬೇಡ" ಎಂದಳು.

ಓದೋದು ಬೇಡ ಎಂದ ಮಾತ್ರಕ್ಕೆ ಓದದೆ ಬಿಡುವ ಜಾಯಮಾನ ಅಮ್ಮನದಲ್ಲ. ಅಳತೆ ಪರಿಶೀಲನಾ ಕಚೇರಿಯ ತಾಪಮಾನ ವಿಭಾಗದಲ್ಲಿ ಅವಳಿಗೆ ಹದಿನಾರು ವರ್ಷದ ಕೆಲಸ. ಆಸ್ಪತ್ರೆ, ಹಾಲಿನ ಘಟಕ, ಬೇಕರಿ, ಶೀತಲಗೃಹಗಳಿಂದ ಬಂದ ಥರ್ಮಾಮೀಟರುಗಳನ್ನು ಕಚೇರಿಯ ಮೂಲಮಾಪಕದ ಪಕ್ಕದಲ್ಲಿ ಮಂಜುಗಡ್ಡೆಯ ನೀರಿಗೂ ಬಿಸಿ ಎಣ್ಣೆಗೂ ಇಳಿಬಿಟ್ಟು, ಯಾವುದು ಎಷ್ಟು ಸುಳ್ಳು ಹೇಳುತ್ತದೆಂದು ಬರೆದು ಕೆಳಗೆ ಸಹಿ ಮಾಡುವುದು ಅವಳ ಉದ್ಯೋಗ. ಕಚೇರಿಯಲ್ಲಿ ಅವಳ ಹೆಸರೇ ಡಿಗ್ರಿಯಮ್ಮ. ಓದದೆ ಸಹಿ ಹಾಕುವುದೆಂದರೆ ಅವಳ ಪಾಲಿಗೆ ಕಣ್ಣು ಮುಚ್ಚಿ ರಸ್ತೆ ದಾಟಿದಂತೆ.

ಅವಳು ಕೈ ಒರೆಸಿಕೊಂಡು ಪುಟ ತೆರೆದಳು. ಪ್ರಯೋಗ ಹದಿನಾಲ್ಕು: ನೀರಿನ ಕುದಿಬಿಂದುವನ್ನು ಕಂಡುಹಿಡಿಯುವುದು. ಬೀಕರು, ಸ್ಟ್ಯಾಂಡು, ಬರ್ನರಿನ ಚಿತ್ರ, ಬಾಣದ ಗುರುತುಗಳು, ಎಲ್ಲ ಅಚ್ಚುಕಟ್ಟು. ಕೆಳಗೆ 'ಕಂಡುಬಂದ ಓದು: 96.8 ಡಿಗ್ರಿ' ಎಂದು ಮಗಳ ದುಂಡನೆಯ ಅಕ್ಷರ. ಆ ಅಂಕಿಯ ಸುತ್ತ ಕೆಂಪು ಶಾಯಿಯ ದಪ್ಪ ವೃತ್ತ. ಜೊತೆಗೆ ಪಿನ್ನು ಹಾಕಿದ ಒಂದು ಚೀಟಿ: 'ತಪ್ಪು ಓದು. ಬಿಳಿ ಬಣ್ಣ ಹಚ್ಚಿ 100 ಎಂದು ನೀಟಾಗಿ ಬರೆದು, ಪೋಷಕರ ಸಹಿಯೊಂದಿಗೆ ಇಂದು ಸಂಜೆ ನಾಲ್ಕರೊಳಗೆ ಒಪ್ಪಿಸುವುದು. ತಪ್ಪಿದಲ್ಲಿ ಮೂರು ಅಂಕ ಕಡಿತ.'

ಅಮ್ಮನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹಿಗ್ಗು. ಈ ಊರು ಸಮುದ್ರಮಟ್ಟದಿಂದ ಒಂಬೈನೂರ ಅರವತ್ತು ಮೀಟರು ಮೇಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಂತೆ ನೀರು ಬೇಗ ಕುದಿಯುತ್ತದೆ. ಇಲ್ಲಿ ಅದು ನೂರು ಮುಟ್ಟುವುದೇ ಇಲ್ಲ. ತೊಂಬತ್ತಾರು ಪಾಯಿಂಟ್ ಎಂಟಕ್ಕೇ ಕುದಿದು ಮುಗಿಸುತ್ತದೆ. ತರಗತಿಯ ನಲವತ್ತೊಂದು ಮಕ್ಕಳಲ್ಲಿ ತನ್ನ ಮಗಳೊಬ್ಬಳು ಕಣ್ಣಿಟ್ಟು ಅಳೆದಿದ್ದಾಳೆ! ಹಿಗ್ಗಿನ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

"ಯಾರೇ ಇದನ್ನ ತಪ್ಪು ಅಂದೋರು?"

"ಬಿಡಮ್ಮಾ. ನೂರು ಅಂತ ಬರೆದ್ರಾಯ್ತು. ಬಿಳಿ ಬಣ್ಣ ತಂದಿದ್ದೀನಿ ನೋಡು."

"ಕಂಡಿದ್ದಕ್ಕೆ ಬಿಳಿ ಬಣ್ಣ ಹಚ್ತೀಯಾ? ನನ್ನ ಮಗಳಾಗಿ?"

ಕೂಗಿಗೆ ಗಂಡ ಹಲ್ಲುಜ್ಜುತ್ತಲೇ ಬಂದ. ಬಸ್ ಡಿಪೋದ ಟೈರು ವಿಭಾಗದಲ್ಲಿ ಕೆಲಸ ಮಾಡುವ ಅವನಿಗೆ ಗಾಳಿ ತುಂಬಿದ ಯಾವುದನ್ನೂ ಒಮ್ಮೆ ಒತ್ತಿ ನೋಡಿ ಸಮಾಧಾನವಾಗಿ ಮುಂದಕ್ಕೆ ಹೋಗುವ ಅಭ್ಯಾಸ. ಹೆಂಡತಿಯ ಕೋಪವನ್ನೂ ಹಾಗೇ. ಚೀಟಿ ಓದಿ, ಬಾಯಲ್ಲಿದ್ದ ನೊರೆ ಉಗುಳಿ ಬಂದು ಹೇಳಿದ: "ನೂರು ಅಂತ ಬರೆದ್ರೆ ನೀರೇನು ನಮ್ಮ ಮೇಲೆ ಕೇಸ್ ಹಾಕುತ್ತೇನೇ? ಬರ್ಕೊಳ್ಳಲಿ ಬಿಡು. ಮೂರು ಅಂಕ ಅಂದ್ರೇನು ಅಂತ ನಿಂಗೊತ್ತಲ್ಲ."

ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಶಾಲೆ ಒಂದು ಧರ್ಮಸಂಸ್ಥೆಯದು. ಊರ ಅಂಚಿನ ಗುಡ್ಡದ ಮೇಲಿದೆ. ಆರು ವರ್ಷದಿಂದ ಅವಳ ಸಂಬಳದಲ್ಲಿ ನೂರಕ್ಕೆ ಮೂವತ್ತೊಂದು ಪಾಲು ಆ ಗುಡ್ಡ ಹತ್ತಿಹೋಗುತ್ತಿತ್ತು. ಬರುವ ಜೂನಿನಿಂದ ಮಿಡತೆ ಮೇಲ್ತರಗತಿಗೆ ಹೋಗಬೇಕು, ಅಲ್ಲಿ ಶುಲ್ಕ ಸರಿಯಾಗಿ ಎರಡು ಪಟ್ಟು. ಒಂದೇ ದಾರಿ ಎಂದರೆ ಅರ್ಧ ಶುಲ್ಕದ ಸೀಟು. ಅದಕ್ಕೆ ಒಟ್ಟು ತೊಂಬತ್ತು ಅಂಕ ಬೇಕು. ಮಿಡತೆಯದು ಈಗ ತೊಂಬತ್ತೊಂದು. ಮೂರು ಹೋದರೆ ಎಂಬತ್ತೆಂಟು. ಎಂಬತ್ತೆಂಟೆಂದರೆ ಜೂನಿನಿಂದ ಆ ಗುಡ್ಡ ಹತ್ತುವ ಹಾಗಿಲ್ಲ. ಇದನ್ನು ಡಿಗ್ರಿಯಮ್ಮ ಕಾಗದದ ಮೇಲೆ ನಾಲ್ಕು ಸಲ ಕೂಡಿ ಕಳೆದು ನೋಡಿದ್ದಳು. ನಾಲ್ಕು ಸಲವೂ ಅದೇ ಉತ್ತರ.

"ಬೆಳ್ಬೆಳಿಗ್ಗೆ ಏನಮ್ಮಾ ನಿಮ್ಮ ಗಲಾಟೆ?" ಎಂದು ಒಳಗಿನಿಂದ ಅತ್ತೆಯ ರಾಗ. ಮೊಮ್ಮಗಳನ್ನು ಆ ಶಾಲೆಗೇ ಸೇರಿಸಬೇಕೆಂದು ಹಟ ಹಿಡಿದು ಎರಡು ಹೊತ್ತು ಊಟ ಬಿಟ್ಟವರು ಅತ್ತೆ. ದೇವರ ಹೆಸರು ಹೇಳಿ ಪಾಠ ಶುರುಮಾಡುವ ಕಡೆ ಮಕ್ಕಳು ಸುಳ್ಳು ಕಲಿಯುವುದಿಲ್ಲ ಎಂಬುದು ಅವರ ವಾದ. ವಿಷಯ ಕೇಳಿ ಅವರು, "ಅಷ್ಟು ಓದಿಕೊಂಡೋರು ನೂರು ಅಂದ ಮೇಲೆ ನೂರೇ ಇರುತ್ತೆ. ನಿನ್ನ ಕಚೇರಿ ನೀರು ಬೇರೆ ಇರಬಹುದು" ಎಂದರು.

"ನೀರು ಎಲ್ಲಾ ಕಡೆ ಒಂದೇ ಅತ್ತೆ, ಎತ್ತರ ಬೇರೆ."

"ಹಾಗಾದ್ರೆ ಶಾಲೆ ಇನ್ನೂ ಎತ್ತರದಲ್ಲಿದೆಯಲ್ಲ. ಅಲ್ಲಿ ಜಾಸ್ತಿ ಬಂದಿದ್ರೂ ಬಂದಿರಬಹುದು."

ಎತ್ತರ ಹೆಚ್ಚಿದರೆ ಡಿಗ್ರಿ ಇಳಿಯುತ್ತದೆ ಎಂದು ವಿವರಿಸಲು ಬಾಯಿ ತೆರೆದವಳು, ಚಹಾ ಆರುವುದನ್ನು ನೋಡಿ ಬಾಯಿ ಮುಚ್ಚಿದಳು. "ಮೂರೂವರೆಗೆ ನಾನೇ ಶಾಲೆಗೆ ಬರ್ತೀನಿ. ಪುಸ್ತಕಕ್ಕೆ ಕೈ ಹಚ್ಚಬೇಡ" ಎಂದಳು.

ಮಿಡತೆಯ ಮುಖ ಸಣ್ಣದಾಯಿತು. "ಬೇಡಮ್ಮಾ, ನೀನು ಬರ್ಲೇಬೇಡ" ಎಂದಳು. ನಡೆಯಲು ಕಲಿಯುವಾಗ ಹೆಜ್ಜೆ ಇಡುವ ಬದಲು ಕುಪ್ಪಳಿಸುತ್ತಿದ್ದುದಕ್ಕೆ ಬಿದ್ದ ಹೆಸರು ಮಿಡತೆ. ಹನ್ನೆರಡು ತುಂಬಿದರೂ ಹೆಸರು ಬಿಟ್ಟಿರಲಿಲ್ಲ. ಅವತ್ತು ಮಾತ್ರ ಅವಳು ಕಾಲೆಳೆದುಕೊಂಡು ಹೋದಳು. ಶಾಲೆಯವರ ಹೆದರಿಕೆ ಎಂದುಕೊಂಡ ಅಮ್ಮನ ಹಟ ಇನ್ನಷ್ಟು ಬಿಗಿಯಾಯಿತು.

ಕಚೇರಿಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಅವಳು ಇದನ್ನು ತೂಕ ವಿಭಾಗದ ಹಿರಿಯನ ಮುಂದೆ ಹೇಳಿಕೊಂಡಳು. ಹಿತ್ತಾಳೆಯ ತೂಕದ ಕಲ್ಲುಗಳ ನಡುವೆ ಇಪ್ಪತ್ತೆಂಟು ವರ್ಷ ಕಳೆದ ಅವನನ್ನು ಎಲ್ಲರೂ ಕಿಲೋ ಮಾಮ ಎನ್ನುತ್ತಿದ್ದರು. ಅವನ ಹೆಣ್ಣುಮಕ್ಕಳಿಬ್ಬರೂ ಕಚೇರಿಯ ಹಿಂಗೋಡೆಗೆ ಅಂಟಿಕೊಂಡ ಬಿಟ್ಟಿ ಶಾಲೆಯಲ್ಲಿ ಓದುತ್ತಿದ್ದರು. ಅಲ್ಲಿ ಮಗ್ಗಿ ಒಪ್ಪಿಸುವ ಸದ್ದಿಗೆ ಇಲ್ಲಿಯ ಸೂಕ್ಷ್ಮ ತಕ್ಕಡಿಯ ಮುಳ್ಳು ಅಲುಗುತ್ತದೆಂದು ಅವನೇ ಎರಡು ಸಲ ದೂರು ಕೊಟ್ಟಿದ್ದ.

ಕಥೆಯನ್ನೆಲ್ಲ ಕೇಳಿದ ಕಿಲೋ ಮಾಮ ಬೆರಳು ನೆಕ್ಕಿಕೊಂಡು, "ಅಲ್ಲ ತಂಗೀ, ಸುಳ್ಳು ಬರೆಯೋಕೆ ಅಷ್ಟೊಂದು ದುಡ್ಡು ಯಾಕೆ ಕೊಡ್ತೀಯ? ನಮ್ಮ ಶಾಲೇಲಿ ಬಿಟ್ಟಿ ಬರೆಸ್ತಾರೆ" ಎಂದ.

"ನಿಮ್ಮಲ್ಲೂ ನೂರೇನಾ?"

"ಮತ್ತೆ? ನನ್ನ ದೊಡ್ಡವಳ ಪುಸ್ತಕದಲ್ಲೂ ನೂರೇ. ಬೀಕರು ಒಡೆದು ಎಷ್ಟು ವರ್ಷ ಆಯ್ತೋ. ಮೇಷ್ಟ್ರು ಬೋರ್ಡಿನ ಮೇಲೆ ಬೀಕರ್ ಬರೆದು, ಕೆಳಗೆ ಬೆಂಕಿ ಬರೆದು, ನೀರು ಕುದೀತು ಮಕ್ಕಳೇ ಅಂದ್ರಂತೆ."

"ನೀವು ಹೋಗಿ ಕೇಳ್ಲಿಲ್ವಾ?"

"ಏನಂತ ಕೇಳೋದು? ದುಡ್ಡು ಕೊಟ್ಟೋರು ಕೇಳ್ಬೇಕು. ನೀನು ಕೊಟ್ಟಿದ್ದೀಯ, ಹೋಗಿ ಕೇಳು."

ಹೋಗಿ ಕೇಳಲು ಅವಳು ಹಿಂಜರಿಯುವುದಕ್ಕೆ ಬೇರೆಯೇ ಒಂದು ಕಾರಣವಿತ್ತು. ಶಾಲೆಯ ಮುಖ್ಯಸ್ಥೆಯನ್ನು, ಮನೆ ಮಠ ಬಿಟ್ಟು ಸಂಸ್ಥೆ ಸೇರಿದ ಬೂದು ಬಟ್ಟೆಯ ಆ ಹೆಂಗಸನ್ನು, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮೂರು ವರ್ಷದ ಹಿಂದೆ ಗಂಡನ ಡಿಪೋ ಏಳು ತಿಂಗಳು ಬಾಗಿಲು ಹಾಕಿದ್ದಾಗ ದೊಡ್ಡಕ್ಕ ಶುಲ್ಕದ ಮಾತೇ ಎತ್ತಿರಲಿಲ್ಲ. ಡಿಗ್ರಿಯಮ್ಮ ಎರಡು ಪಾಳಿ ದುಡಿಯುವಾಗ ಸಂಜೆ ಏಳರವರೆಗೆ ಮಗುವನ್ನು ತಮ್ಮ ಕೋಣೆಯಲ್ಲೇ ಕೂರಿಸಿಕೊಂಡು ಓದಿಸಿದ್ದರು, ಹಾಡು ಕಲಿಸಿದ್ದರು. ಜನರೆದುರು ನಿಂತು ಮಾತಾಡಲು ಮಿಡತೆಗೆ ಇವತ್ತು ಅಂಜಿಕೆಯಿಲ್ಲ ಎಂದರೆ ಅದು ಆ ಕೋಣೆಯ ಕೊಡುಗೆ. ಬೈಯಬೇಕಾದವರು ಬರೀ ಕೆಟ್ಟವರಾಗಿದ್ದರೆ ಎಷ್ಟು ಹಗುರ! ಇವರು ಅದಕ್ಕೂ ಆಸ್ಪದ ಕೊಡದ ಜನ.

ಮೂರು ಗಂಟೆಗೆ ಅವಳು ರಜೆ ಚೀಟಿ ಬರೆದು, ಎರಡನೇ ದರ್ಜೆಯ ಮಾಪಕವೊಂದನ್ನು ಹೊರಗೆ ಒಯ್ಯುವ ವಹಿಯಲ್ಲಿ ನಮೂದಿಸಿ, ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಎದೆಗವಚಿಕೊಂಡಳು. ಮುನ್ನೂರು ಮಿಲಿಮೀಟರಿನ ಗಾಜಿನ ಕಡ್ಡಿ. ಡಿಗ್ರಿಯ ಹತ್ತನೇ ಒಂದು ಭಾಗವನ್ನೂ ತೋರಿಸುತ್ತದೆ. ನೂರರ ಆಸುಪಾಸಿನಲ್ಲಿ ಅದು ಪಾಯಿಂಟ್ ಒಂದು ಡಿಗ್ರಿ ಹೆಚ್ಚು ತೋರಿಸುತ್ತದೆಂದು ಅವಳದೇ ಕೈಬರಹದ ಚೀಟಿ ಪೆಟ್ಟಿಗೆಯ ಮುಚ್ಚಳದಲ್ಲಿತ್ತು. ಹೊರಡುವಾಗ ಗೋಡೆಯ ಪಟ್ಟಿಯ ಕಡೆ ಅಭ್ಯಾಸಬಲದಿಂದ ಕಣ್ಣು ಹಾಯಿಸಿದಳು. ಹನ್ನೊಂದು ವರ್ಷದ ಹಿಂದೆ ಅವಳೇ ಲೆಕ್ಕ ಹಾಕಿ ಬರೆದು ತೂಗುಹಾಕಿದ ಪಟ್ಟಿ: ಊರಿನ ಎತ್ತರ, ಸರಾಸರಿ ಒತ್ತಡ, ನೀರಿನ ಕುದಿಬಿಂದು. ಶಾಲೆಗೆ ರಜೆಯಿದ್ದ ದಿನ ಮಿಡತೆ ಅದರ ಕೆಳಗೇ ಕೂತು ಬಣ್ಣ ಹಚ್ಚುತ್ತಿದ್ದಳು.

ಶಾಲೆಗೆ ಇನ್ನೂರ ಮೂವತ್ತೆಂಟು ಮೆಟ್ಟಿಲು. ಒಂದೊಂದು ಹದಿನೇಳು ಸೆಂಟಿಮೀಟರು. ಆಕಾಶ ಬೆಳಿಗ್ಗೆಯಿಂದಲೂ ಮೋಡ ಕವಿದು ಮಂಕಾಗಿತ್ತು. ಏದುಸಿರು ಬಿಡುತ್ತ ತುದಿ ಮುಟ್ಟಿದರೆ ಎದುರಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳು: 'ಕಂಡದ್ದನ್ನು ಕಂಡಂತೆ ನುಡಿಯುವೆನು'. ಮಕ್ಕಳು ದಿನಾ ಬೆಳಿಗ್ಗೆ ಎದೆಯ ಮೇಲೆ ಕೈಯಿಟ್ಟು ಹೇಳುವ ಪ್ರತಿಜ್ಞೆಯ ಮೊದಲ ಸಾಲು ಅದು. ಅಕ್ಷರಗಳಿಗೆ ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದರು. ಬಿಳಿ ಬಣ್ಣಕ್ಕೆ ಈ ಶಾಲೆಯಲ್ಲಿ ಎಂದೂ ಬರವಿಲ್ಲ ಎಂದುಕೊಂಡಳು.

ದೊಡ್ಡಕ್ಕನ ಕೋಣೆಯಲ್ಲಿ ವಿಜ್ಞಾನದ ಮಿಸ್ಸನ್ನೂ ಮಿಡತೆಯನ್ನೂ ಕರೆಸಲಾಯಿತು. ಮಿಸ್ ಎಳೆಯ ಹುಡುಗಿ. ನಾಲ್ಕು ವಿಭಾಗಗಳ ದಾಖಲೆ ಪುಸ್ತಕಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡೇ ಬಂದಳು. ಕಣ್ಣಿನ ಕೆಳಗೆ ಕಪ್ಪು.

ಡಿಗ್ರಿಯಮ್ಮ ಮೆಟ್ಟಿಲೇರುತ್ತ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಎತ್ತರ, ಒತ್ತಡ, ಪ್ರತಿಜ್ಞೆ, ಗೋಡೆಯ ಅಕ್ಷರ, ಕೊನೆಗೆ "ನನ್ನ ಮಗಳು ಕಣ್ಣಾರೆ ಕಂಡಿದ್ದನ್ನ ಬರೆದಿದ್ದಾಳೆ. ಅದಕ್ಕೆ ನೀವು ಕೆಂಪು ಸುತ್ತು ಹಾಕಿ ಸುಳ್ಳು ಬರಿ ಅಂತೀರಲ್ಲ ದೊಡ್ಡಕ್ಕಾ, ಇದಕ್ಕಾ ನಾವು ಇಷ್ಟು ಕಷ್ಟಪಟ್ಟು ಇಲ್ಲಿಗೆ ಕಳಿಸೋದು?"

ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿದರು. "ಕೂತ್ಕೊಳಮ್ಮ, ಮೊದಲು ನೀರು ಕುಡಿ. ಪಠ್ಯದಲ್ಲಿ ನೂರು ಅಂತಿದೆ. ಮಾದರಿ ಉತ್ತರ ನಮ್ಮ ಕೇಂದ್ರ ಕಚೇರಿಯಿಂದ ಬರುತ್ತೆ. ಸಂಸ್ಥೆಯ ಇಪ್ಪತ್ತಮೂರು ಶಾಲೆಗೂ ಒಂದೇ. ಬದಲಾಯಿಸೋ ಅಧಿಕಾರ ನನಗಿಲ್ಲ."

"ಅದ್ರಲ್ಲಿ ಸಮುದ್ರದ ಪಕ್ಕದ ಶಾಲೆ ಎಷ್ಟಿವೆ?"

"ನಾಲ್ಕೋ ಐದೋ."

"ಆ ಮಕ್ಕಳು ಪುಣ್ಯವಂತರು ಬಿಡಿ. ಸುಳ್ಳು ಹೇಳದೇನೇ ಮೂರು ಅಂಕ ಸಿಗುತ್ತೆ."

ಮಿಸ್‌ಗೆ ನಗು ಬಂತು. ಪುಸ್ತಕದ ಕಟ್ಟನ್ನು ಬಾಯಿಗೆ ಅಡ್ಡ ಹಿಡಿದಳು.

"ಮಾತು ಯಾಕೆ? ಪ್ರಯೋಗಾಲಯಕ್ಕೆ ಹೋಗೋಣ" ಎಂದು ಡಿಗ್ರಿಯಮ್ಮ ಪೆಟ್ಟಿಗೆ ತೋರಿಸಿದಳು. "ನಾನು ಮಾಪಕ ತಂದಿದ್ದೀನಿ. ಮಗಳು ಮಾಡಿದ್ದನ್ನೇ ಇನ್ನೊಂದ್ಸಲ ಮಾಡಿ ತೋರಿಸ್ತಾಳೆ. ನಿಮ್ಮ ಕಣ್ಣಿಂದಲೇ ನೋಡಿ."

ಕೋಣೆಯಲ್ಲಿ ಯಾರೂ ಏಳಲಿಲ್ಲ. ದೊಡ್ಡಕ್ಕ ಮಿಸ್ ಕಡೆ ನೋಡಿದರು. ಮಿಸ್ ನೆಲ ನೋಡಿದಳು. ಮಿಡತೆ ಕಿಟಕಿ ನೋಡಿದಳು.

"ಮೇಡಂ," ಮಿಸ್ ಕೊನೆಗೂ ಬಾಯಿಬಿಟ್ಟಳು, "ಗ್ಯಾಸ್ ಇಲ್ಲ."

"ಇವತ್ತು ಇಲ್ವಾ?"

"ನಾನು ಸೇರಿ ಎರಡು ವರ್ಷ ಆಯ್ತು. ಅವತ್ತಿಂದ ಇಲ್ಲ. ಬೀಗದ ಕೈ ಕೂಡ ಉಗ್ರಾಣದಲ್ಲಿದೆ. ಓದುಗಳನ್ನ ಬೋರ್ಡಲ್ಲಿ ಬರೀತೀನಿ, ಮಕ್ಕಳು ಇಳಿಸ್ಕೊಳ್ತಾರೆ. ನಾನೇನ್ ಮಾಡ್ಲಿ ಮೇಡಂ? ನಾಲ್ಕು ವಿಭಾಗ, ನೂರ ಅರವತ್ತು ಪುಸ್ತಕ."

ಪ್ರಯೋಗಾಲಯ ಶುಲ್ಕ! ಪ್ರತಿ ವರ್ಷದ ರಸೀತಿಯಲ್ಲಿ ನಾಲ್ಕನೆಯ ಸಾಲು. ಅದನ್ನೇ ಮುಂದಿಟ್ಟು ಕಿರುಚಬೇಕೆಂದು ಡಿಗ್ರಿಯಮ್ಮ ಉಸಿರೆಳೆದುಕೊಂಡಳು. ಎಳೆದುಕೊಂಡ ಉಸಿರು ಅಲ್ಲೇ ನಿಂತಿತು. ಬೆಂಕಿಯೇ ಇಲ್ಲದಿದ್ದರೆ ಮಗಳು ಕುದಿಸಿದ್ದು ಏನನ್ನು?

ಅವಳು ನಿಧಾನವಾಗಿ ಮಿಡತೆಯ ಕಡೆ ತಿರುಗಿದಳು. "ನೀನು ಎಲ್ಲಿಂದ ತಂದೆ ತೊಂಬತ್ತಾರು ಪಾಯಿಂಟ್ ಎಂಟನ್ನ?"

"ಅದಕ್ಕೇ ಬರ್ಬೇಡ ಅಂದಿದ್ದು."

"ಎಲ್ಲಿಂದ ಅಂದೆ?"

"ನಿನ್ನ ಗೋಡೆಯಿಂದ. ಕಚೇರೀದು. ಅದೇ ಸರಿ ಅಂತ ನೀನೇ ಹೇಳಿದ್ದೆಯಲ್ಲ. ಬೋರ್ಡ್ ನೋಡಿ ಬರೆದ್ರೆ ತಪ್ಪಾಗುತ್ತೆ ಅಂತ ನಿನ್ನ ಪಟ್ಟೀಲಿರೋದನ್ನ ಬರೆದೆ."

"ಅದಕ್ಕೆ 'ಕಂಡುಬಂದ ಓದು' ಅಂತ ಬರೆದ್ಯಾ?"

"ಎಲ್ಲರೂ ಹಾಗೇ ಬರೆಯೋದು!"

ಆ ಮಾತು ಡಿಗ್ರಿಯಮ್ಮನಿಗೆ ಚುಚ್ಚಿತು. ಬೆಳಿಗ್ಗೆಯಿಂದ ತಾನು ಹೊತ್ತು ಮೆರೆದ ಸತ್ಯ ಒಂದು ಗೋಡೆಯಿಂದ ಇನ್ನೊಂದು ಪುಸ್ತಕಕ್ಕೆ ಇಳಿಸಿಕೊಂಡ ಅಂಕಿ. ಬೇರೆ ಮಕ್ಕಳು ಮಿಸ್‌ನ ಬೋರ್ಡಿನಿಂದ ಇಳಿಸಿದರು, ಇವಳು ಅಮ್ಮನ ಪಟ್ಟಿಯಿಂದ. ಅಷ್ಟಕ್ಕೂ ಆ ಪಟ್ಟಿ ಎಲ್ಲಿಂದ ಬಂತು? ಕೈಪಿಡಿಯ ಸೂತ್ರದಿಂದ. ಒತ್ತಡವೂ ಹಳೆಯ ಸರಾಸರಿ. ಅವಳ ಕೆಲಸಕ್ಕೆ ಮಂಜುಗಡ್ಡೆ ಬೇಕು, ಎಣ್ಣೆ ಬೇಕು; ಕುದಿಯುವ ನೀರು ಬೇಕಾಗಿರಲಿಲ್ಲ. ಹದಿನಾರು ವರ್ಷ ಊರಿನ ಥರ್ಮಾಮೀಟರುಗಳ ಸುಳ್ಳು ಹಿಡಿದವಳು, ದಿನಕ್ಕೆ ಮೂರು ಸಲ ಚಹಾಕ್ಕೆ ನೀರಿಟ್ಟವಳು, ಈ ಊರಿನ ಕುದಿಯುವ ನೀರಿಗೆ ಒಮ್ಮೆಯೂ ಮಾಪಕ ಇಳಿಸಿ ನೋಡಿರಲಿಲ್ಲ. ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು.

"ಚಹಾ ಎಲ್ಲಿ ಮಾಡ್ತೀರಿ ನೀವು?" ಎಂದು ಥಟ್ಟನೆ ಕೇಳಿದಳು.

"ಶಿಕ್ಷಕರ ಕೋಣೇಲಿ," ಎಂದಳು ಮಿಸ್. "ಕರೆಂಟ್ ಒಲೆ ಇದೆ."

"ನಡೀರಿ."

ಶಿಕ್ಷಕರ ಕೋಣೆಯಲ್ಲಿ ಚಹಾದ ಪಾತ್ರೆಯನ್ನು ಡಿಗ್ರಿಯಮ್ಮ ಮೂರು ಸಲ ತೊಳೆದು, ಬೆರಳು ಹಾಕಿ ಸಕ್ಕರೆಯ ಅಂಟು ಹೋಯಿತೇ ಎಂದು ನೋಡಿ, ನೀರು ತುಂಬಿ ಒಲೆಯ ಮೇಲಿಟ್ಟಳು. ಕುರ್ಚಿಯ ಬೆನ್ನಿಗೆ ಒಂದು ಕೊಡೆಯನ್ನು ಅಡ್ಡ ಕಟ್ಟಿ, ಅದರಿಂದ ಮಾಪಕವನ್ನು ದಾರದಲ್ಲಿ ಇಳಿಬಿಟ್ಟಳು. "ಬುಡಕ್ಕೆ ತಾಗಬಾರದು. ತಾಗಿದ್ರೆ ನೀರಿನದಲ್ಲ, ಪಾತ್ರೆಯದು ಓದಿದ ಹಾಗೆ" ಎಂದಳು. ಮಿಡತೆ ಮೂಗು ಸೇದುತ್ತ ದೂರವೇ ನಿಂತಿದ್ದಳು. ದೊಡ್ಡಕ್ಕ ಒಂದು ಸ್ಟೂಲು ಎಳೆದು ಕುಳಿತರು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಮೊದಲು ಸಣ್ಣ ಗುಳ್ಳೆಗಳು ಬಂದವು. ಆಮೇಲೆ ಪಾತ್ರೆ ಸಿಳ್ಳೆಹಾಕಿತು. ಆಮೇಲೆ ನೀರು ತಳಮಳಿಸಿ ಕೊತಕೊತ ಕುದಿಯತೊಡಗಿತು. ಮಾಪಕದ ಬೆಳ್ಳಿಯ ಗೆರೆ ಏರುತ್ತ ಏರುತ್ತ ನಿಂತಿತು.

"ಎರಡು ನಿಮಿಷ ಕಾಯಬೇಕು," ಎಂದಳು ಡಿಗ್ರಿಯಮ್ಮ. "ನಾನು ಓದಲ್ಲ. ಬಾರೇ ಇಲ್ಲಿ."

ಮಿಡತೆ ಬಂದಳು.

"ಕಣ್ಣು ಗೆರೆಯ ಸಮಕ್ಕೆ ತಾ. ಬಗ್ಗು. ಇನ್ನೂ. ಎಷ್ಟು?"

"ತೊಂಬತ್ತಾರು ಪಾಯಿಂಟ್ ಎಂಟು," ಎಂದಳು ಮಿಡತೆ, ಬಗ್ಗುವ ಮೊದಲೇ.

"ನಿಂಗೆ ಗೊತ್ತಿರೋದನ್ನ ಹೇಳ್ಬೇಡ ಕಣೇ. ಕಾಣ್ತಿರೋದನ್ನ ಹೇಳು!"

ಕೂಗು ಜೋರಾಯಿತು, ಹೊರಗೆ ಹೋಗುತ್ತಿದ್ದ ಇಬ್ಬರು ಮಕ್ಕಳು ಬಾಗಿಲಲ್ಲಿ ಇಣುಕಿದರು. ಮಿಡತೆ ತುಟಿ ಕಚ್ಚಿ, ಕಣ್ಣೊರೆಸಿಕೊಂಡು, ಬಗ್ಗಿದಳು. ಹಬೆಗೆ ಮುಖ ಕೆಂಪಾಯಿತು. ಬಹಳ ಹೊತ್ತು ನೋಡಿದಳು. ಒಮ್ಮೆ ಹುಬ್ಬು ಗಂಟಿಕ್ಕಿ ಮತ್ತೆ ನೋಡಿದಳು.

"ಅಮ್ಮಾ, ಎಂಟಿಲ್ಲ. ಆರಿದೆ. ತೊಂಬತ್ತಾರು ಪಾಯಿಂಟ್ ಆರು."

"ಸರಿಯಾಗಿ ನೋಡು."

"ಸರಿಯಾಗೇ ನೋಡ್ತಿದೀನಿ! ನೀನೇ ಬಂದು ನೋಡು ಬೇಕಿದ್ರೆ."

ಡಿಗ್ರಿಯಮ್ಮ ನೋಡಿದಳು. ಆರೇ. ತನ್ನ ಪಟ್ಟಿಯೂ ತಪ್ಪು. ಮೋಡದ ದಿನ ಒತ್ತಡ ಇಳಿದಿರುತ್ತದೆ. ಮೇಲಾಗಿ ಇನ್ನೂರ ಮೂವತ್ತೆಂಟು ಮೆಟ್ಟಿಲೆಂದರೆ ನಲವತ್ತು ಮೀಟರು ಹೆಚ್ಚು ಎತ್ತರ. ಎಲ್ಲವೂ ತನಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಮೂರೂವರೆಗೆ ಸತ್ಯದ ಮೇಲೆ ಭಾಷಣ ಬಿಗಿದಿದ್ದಳು.

ದೊಡ್ಡಕ್ಕ ಎದ್ದು ಬಂದು, ಕನ್ನಡಕ ಹಾಕಿಕೊಂಡು ಬಗ್ಗಿದರು. "ಅರೆ, ನಿಜವಾಗ್ಲೂ ನೂರಿಲ್ವಲ್ಲ!" ಎಂದರು, ಪುಟ್ಟ ಹುಡುಗಿಯ ಬೆರಗಿನಲ್ಲಿ. "ಮೂವತ್ತು ವರ್ಷ ಪಾಠ ಮಾಡಿದೀನಮ್ಮ, ಒಂದ್ಸಲಾನೂ ನೋಡಿರ್ಲಿಲ್ಲ."

"ನಾನೂ ನೋಡಿರ್ಲಿಲ್ಲ," ಎಂದಳು ಡಿಗ್ರಿಯಮ್ಮ.

ಮಿಸ್ ಗಡಿಯಾರ ನೋಡಿ, ಮಿಡತೆಯ ದಾಖಲೆ ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ನಾಲ್ಕಕ್ಕೆ ಮೂರು ನಿಮಿಷ. ಬಿಳಿ ಬಣ್ಣದ ಶೀಶೆಯೂ ಪಕ್ಕದಲ್ಲಿತ್ತು. ಮಿಡತೆ ಅಮ್ಮನ ಮುಖ ನೋಡಿ ಮೆಲ್ಲಗೆ ಕೇಳಿದಳು: "ನೂರು ಬರೆದ್ರೆ ಇಲ್ಲೇ ಓದಬಹುದಾ?"

"ಓದಬಹುದು."

"ಆರು ಬರೆದ್ರೆ?"

ಡಿಗ್ರಿಯಮ್ಮ ದೊಡ್ಡಕ್ಕನ ಕಡೆ ನೋಡಿದಳು. ದೊಡ್ಡಕ್ಕ ಕೈ ಚೆಲ್ಲಿದರು. "ನನಗೂ ಸಂಕಟವಾಗುತ್ತಮ್ಮ. ಆದರೆ ಅಂಕಪಟ್ಟಿ ಮೇಲಿನವರು ಪರಿಶೀಲಿಸ್ತಾರೆ. ಮೂರು ಅಂಕ ನನ್ನ ಕೈಲಿಲ್ಲ. ಅರ್ಧ ಶುಲ್ಕವೂ ನನ್ನ ಕೈಲಿಲ್ಲ."

ಒಂದು ಕ್ಷಣ ಡಿಗ್ರಿಯಮ್ಮನ ಕೈ ಶೀಶೆಯ ಕಡೆ ಹೋದದ್ದು ನಿಜ. ಒಂದು ಅಂಕಿ. ಮೂರು ಸೊನ್ನೆಯೂ ಅಲ್ಲ, ಎರಡೇ ಸೊನ್ನೆ. ಇಲ್ಲಿ ಹಾಡಿದೆ, ಮಗಳ ಗೆಳತಿಯರಿದ್ದಾರೆ, ಸಂಜೆ ಏಳರವರೆಗೆ ಮಗುವನ್ನು ನೋಡಿಕೊಳ್ಳುವ ಒಂದು ಕೋಣೆಯಿದೆ. ಕಚೇರಿಯ ಹಿಂದಿನ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದ ಬೆಂಕಿಯಿದೆ, ಅಲ್ಲೂ ನೂರೇ. ಎಲ್ಲೂ ಬಿಕರಿಗೆ ಇಲ್ಲದ್ದನ್ನು ಹುಡುಕಿಕೊಂಡು ಆರು ವರ್ಷ ಇಲ್ಲಿ ತೆತ್ತೆನಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು. ಆದರೆ ಹಬೆಯಲ್ಲಿ ಮುಖ ಕೆಂಪು ಮಾಡಿಕೊಂಡು ಬಗ್ಗಿದ ಮಗಳು, 'ಎಂಟಿಲ್ಲ, ಆರಿದೆ' ಎಂದು ಅಮ್ಮನಿಗೇ ಎದುರು ಹೇಳಿದ್ದಳು. ಈಗ ಅದರ ಮೇಲೆ ಬಿಳಿ ಬಣ್ಣ ಹಚ್ಚು ಎಂದರೆ, ಇನ್ನೆಂದೂ ಅವಳು ಯಾವುದಕ್ಕೂ ಬಗ್ಗಿ ನೋಡುವುದಿಲ್ಲ.

ಶೀಶೆಯನ್ನು ಪಕ್ಕಕ್ಕೆ ಸರಿಸಿದಳು. "ನಮ್ಮ ಕಚೇರೀಲಿ ತಪ್ಪು ಅಂಕಿಯನ್ನ ಅಳಿಸೋ ಹಾಗಿಲ್ಲ. ಅದರ ಮೇಲೆ ಒಂದೇ ಒಂದು ಗೆರೆ ಎಳೀಬೇಕು, ಕೆಳಗಿನ ಅಂಕಿ ಕಾಣ್ತಿರಬೇಕು. ಪಕ್ಕದಲ್ಲಿ ನೋಡಿದ್ದನ್ನ ಬರೆದು ಸಹಿ. ಎಳಿ."

"ಅಮ್ಮಾ…"

"ಎಳಿ. ಸೀಟಿನ ಚಿಂತೆ ನಂದು, ನಿಂದಲ್ಲ."

ಮಿಡತೆ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಬರೆದಳು. ಅಮ್ಮ ಪಕ್ಕದಲ್ಲಿ ತಾರೀಖು, ಸಮಯ ಹಾಕಿ ಸಹಿ ಮಾಡಿದಳು. ಮಿಸ್ ಪುಸ್ತಕ ತೆಗೆದುಕೊಂಡು, ಆ ಪುಟವನ್ನೇ ನೋಡುತ್ತ, ಯಾರಿಗೂ ಹೇಳದ ಹಾಗೆ ಹೇಳಿದಳು: "ಒಂದು ಪಾತ್ರೆ, ಒಂದು ಒಲೆ, ಇಷ್ಟೇ ಸಾಕು ಅಂತ ನಂಗೆ ಹೊಳೀಲೇ ಇಲ್ಲ."

"ವರ್ಗಾವಣೆ ಪತ್ರಕ್ಕೆ ಅರ್ಜಿ ಎಲ್ಲಿ ಸಿಗುತ್ತೆ?" ಎಂದು ಡಿಗ್ರಿಯಮ್ಮ ಕೇಳಿದಳು.

ದೊಡ್ಡಕ್ಕ ಕನ್ನಡಕ ತೆಗೆದು ಮಡಿಸುತ್ತ, "ಕೆಳಗಿನ ಕಿಟಕೀಲಿ," ಎಂದರು. ಆಮೇಲೆ ಮುಜುಗರದಿಂದ, "ಅದಕ್ಕೂ ಒಂದು ಶುಲ್ಕ ಇದೆಯಮ್ಮ."

ಡಿಗ್ರಿಯಮ್ಮ ನಕ್ಕುಬಿಟ್ಟಳು.

ಮೆಟ್ಟಿಲಿಳಿಯುವಾಗ ಮಿಡತೆ ಹತ್ತು ಮೆಟ್ಟಿಲು ಮುಂದೆ ಇಳಿಯುತ್ತಿದ್ದಳು, ಹಿಂದೆ ತಿರುಗದೆ. ನಡುವೆ ಒಮ್ಮೆ ನಿಂತು, "ಎಲ್ಲಾ ನಿನ್ನಿಂದ. ನಿನ್ನ ಪಟ್ಟಿ ಸರಿ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ" ಎಂದಳು.

ಪಟ್ಟಿ ಸರಿಯಿದ್ದರೂ ಮೂರು ಅಂಕ ಹೋಗುತ್ತಿತ್ತು ಎಂದು ವಾದ ಹೂಡಬಹುದಿತ್ತು. "ಹೂಂ, ನನ್ನಿಂದಲೇ," ಎಂದಳು ಅಮ್ಮ. ಮನೆಗೆ ಹೋದ ಮೇಲೆ ಅತ್ತೆಯ ಮುಂದೆ ಈ ಮಾತನ್ನು ಎಷ್ಟು ಸಲ ಹೇಳಬೇಕಾಗುವುದೋ ಎಂದು ನೆನೆದೇ ಅವಳಿಗೆ ಸುಸ್ತಾಯಿತು.

ಮಾಪಕ ಹಿಂತಿರುಗಿಸಲು ಇಬ್ಬರೂ ಕಚೇರಿಗೆ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಕಿಲೋ ಮಾಮ ಚೀಲ ಹೆಗಲಿಗೇರಿಸಿ ಹೊರಟಿದ್ದವನು ಬಾಗಿಲಲ್ಲೇ ನಿಂತ. "ಏನಾಯ್ತು ತಂಗೀ, ಗೆದ್ಯಾ?"

"ನಿಮ್ಮ ಮೇಷ್ಟ್ರು ಹೊಸ ಮಕ್ಕಳನ್ನ ಯಾವಾಗ ಸೇರಿಸ್ಕೊಳ್ತಾರೆ?"

ಅವನು ಅವಳ ಮುಖ ನೋಡಿದ, ಮಿಡತೆಯ ಮುಖ ನೋಡಿದ. ಹಾಸ್ಯ ಮಾಡಲು ತೆರೆದ ಬಾಯಿಯನ್ನು ಮುಚ್ಚಿಕೊಂಡ. "ನಾಳೆನೇ ಕೇಳ್ತೀನಿ. ಅಲ್ಲೂ ನೂರೇ ಅಂತಾರೆ, ಆಮೇಲೆ ನನ್ನ ಬೈಬೇಡ."

"ಗೊತ್ತು. ಒಂದು ಕರೆಂಟ್ ಒಲೆ, ಒಂದು ಪಾತ್ರೆ ನಾನೇ ತರ್ತೀನಿ. ಮಾಡಿಸೋದಕ್ಕೆ ಬಿಡ್ತಾರಾ ಕೇಳಿ."

ಅವಳು ಹೊರಗೆ ಒಯ್ದ ಮಾಪಕಗಳ ವಹಿ ತೆರೆದಳು. ತಾರೀಖು, ಸ್ಥಳ, ಎತ್ತರ, ಹವೆ ತುಂಬಿದಳು. ಹವೆಯ ಮುಂದೆ 'ಮೋಡ' ಎಂದು ಬರೆದಳು. 'ಓದಿದವರು' ಎಂಬ ಕಾಲಮಿನಲ್ಲಿ ಅಭ್ಯಾಸದಂತೆ ತನ್ನ ಹೆಸರಿನ ಮೊದಲಕ್ಷರ ಬರೆಯಹೊರಟಾಗ ಮೊಣಕೈಗೆ ಏನೋ ತಾಗಿತು.

"ನೀನಲ್ಲ ಓದಿದ್ದು," ಎಂದಳು ಮಿಡತೆ, ಇನ್ನೂ ಮುನಿಸಿನಲ್ಲೇ. "ಕೊಡು ಇಲ್ಲಿ."

ಪೆನ್ನು ಕಸಿದುಕೊಂಡು ತನ್ನ ಹೆಸರು ಬರೆದಳು. ಮುಂದಿನ ಎರಡು ಕಾಲಮು ನೋಡಿ, ಪೆಟ್ಟಿಗೆಯ ಮುಚ್ಚಳದಲ್ಲಿದ್ದ ಚೀಟಿಯನ್ನು ಓದಿ, ಬೆರಳಲ್ಲಿ ಕಳೆದು, ಕೊನೆಯ ಮನೆಗಳನ್ನೂ ತಾನೇ ತುಂಬಿದಳು. ಕಂಡ ಓದು 96.6. ತಿದ್ದುಪಡಿ, ಪಾಯಿಂಟ್ ಒಂದು ಕಡಿಮೆ. ಗುಡ್ಡದ ಮೇಲಿನ ಶಾಲೆಯಲ್ಲಿ ನೀರು ಕುದಿದದ್ದು 96.5 ಡಿಗ್ರಿಗೆ.